ಬಡವರ ಮನೆಗಳು ಮತ್ತು ಫ. ಗು. ಹಳಕಟ್ಟಿಯವರು

ವಚನ ವಾಙ್ಮಯದ ಹೆಸರೆತ್ತಿದೊಡನೆ ಲಿಂ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಸ್ಮರಣೆಯಾಗುವುದು ಸಹಜ. ಮಠಗಳ ಅಟ್ಟದ ಮೇಲೂ ಭಕ್ತರ ಮನೆಗಳ ಜಗಲಿಯ ಮೇಲೂ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ, ಓದಿ, ತಿದ್ದಿ, ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಿದವರು ಅವರು. ವಚನ ಪಿತಾಮಹರೆಂಬ ಬಿರುದು ಅವರಿಗೆ ಸಂದದ್ದು ನ್ಯಾಯವಾಗಿಯೇ ಇದೆ. ಆದರೆ ಈ ಒಂದು ಬಿರುದಿನ ಪ್ರಭೆಯಲ್ಲಿ ಅವರ ಬಾಳಿನ ಇನ್ನೊಂದು ಭಾಗ ಮಸುಕಾಗಿ ಹೋಗಿದೆ. ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಗಿ ಹೊರಬಂದದ್ದು 1923ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲೇ ಅವರು ಬಿಜಾಪುರದಲ್ಲಿ ಒಂದು ಸಹಕಾರಿ ಬ್ಯಾಂಕನ್ನು ಕಟ್ಟಿ ನಿಲ್ಲಿಸಿದ್ದರು. ಒಕ್ಕಲಿಗರಿಗಾಗಿ, ನೇಕಾರರಿಗಾಗಿ, ಬರದಿಂದ ಬೆಂದ ಹಳ್ಳಿಗಳಿಗಾಗಿ ಸಂಘಗಳನ್ನು ಕಟ್ಟುವ ಕೆಲಸದಲ್ಲಿಯೂ ಅವರು ತೊಡಗಿದ್ದರು. ಇವೆರಡೂ ಒಬ್ಬನೇ ಮನುಷ್ಯನ ಎರಡು ಬೇರೆ ಬೇರೆ ಉದ್ಯೋಗಗಳೆಂದು ತಿಳಿಯುವ ವಾಡಿಕೆಯುಂಟು. ಅವರ ಚರಿತ್ರೆಯನ್ನು ಸಾವಕಾಶವಾಗಿ ನೋಡಿದವರಿಗೆ ಅದು ಹಾಗೆ ತೋರದು.

ಹಳಕಟ್ಟಿಯವರು ಹುಟ್ಟಿದ್ದು 1880ನೆಯ ಇಸವಿ ಜುಲೈ 2ರಂದು, ಧಾರವಾಡದಲ್ಲಿ. ಮನೆತನದ ಕಾಯಕ ನೇಯ್ಗೆ. ತಂದೆ ಗುರುಬಸಪ್ಪನವರು ಮಗ್ಗವನ್ನು ಬಿಟ್ಟು ಶಿಕ್ಷಕರಾದವರು, ಕನ್ನಡದಲ್ಲಿ ಗ್ರಂಥಗಳನ್ನೂ ಬರೆದವರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ಲಿಂಗೈಕ್ಯರಾದುದರಿಂದ ಅಜ್ಜಿ ಬಸಮ್ಮನವರ ಮಡಿಲಲ್ಲಿ ಬಾಲಕನು ಬೆಳೆಯಬೇಕಾಯಿತು. ತಾಯಿಯಿಲ್ಲದ ಮನೆಯನ್ನು ಒಬ್ಬ ಮುದುಕಿ ಹಿಡಿದು ನಿಲ್ಲಿಸುವುದೆಂದರೇನೆಂಬುದನ್ನು ಆ ಬಾಲಕನಿಗೆ ಯಾರೂ ಬೇರೆಯಾಗಿ ಕಲಿಸಬೇಕಾಗಿರಲಿಲ್ಲ. ಧಾರವಾಡದಲ್ಲಿ ಓದು ಮುಗಿಸಿ ಮುಂಬಯಿಗೆ ಹೋಗಿ, ಅಲ್ಲಿ ಪದವಿಯನ್ನೂ ಬಳಿಕ ಕಾಯಿದೆಯ ಪರೀಕ್ಷೆಯನ್ನೂ ಮುಗಿಸಿಕೊಂಡು, ಬೆಳಗಾವಿಯಲ್ಲಿ ಕೆಲವು ಕಾಲ ವಕೀಲಿ ಮಾಡಿ, 1904ರಲ್ಲಿ ಅವರು ಬಿಜಾಪುರಕ್ಕೆ ಬಂದು ನೆಲೆಸಿದರು. ಅಲ್ಲಿಂದ ಮುಂದಿನ ಅರವತ್ತು ವರ್ಷ ಅದೇ ಅವರ ಊರು, ಅದೇ ಅವರ ಕಾರ್ಯಕ್ಷೇತ್ರ.

ಆ ಕಾಲದ ಬಿಜಾಪುರ ಜಿಲ್ಲೆಯ ಸ್ಥಿತಿಯನ್ನು ಅರಿಯದೆ ಅವರ ಕೆಲಸದ ಬೆಲೆ ತಿಳಿಯುವಂತಿಲ್ಲ. ಡೋಣಿ ಹೊಳೆಯ ಸಾಲಿನ ಎರೆಭೂಮಿ ಮಳೆ ಬಿದ್ದ ವರ್ಷ ಓಣಿ ತುಂಬ ಜೋಳ ಕೊಡುತ್ತದೆಂಬ ಮಾತುಂಟು. ಆದರೆ ಮಳೆ ಕೈಕೊಟ್ಟ ವರ್ಷ ಅದೇ ಭೂಮಿ ಬಿರುಕು ಬಿಟ್ಟು ನಿಲ್ಲುತ್ತದೆ. ಹಳಕಟ್ಟಿಯವರು ಹುಟ್ಟುವುದಕ್ಕೆ ಎರಡು ವರ್ಷ ಮೊದಲಷ್ಟೇ ಧಾತು, ಈಶ್ವರ ಸಂವತ್ಸರಗಳ ಭೀಕರ ಬರ, ಅಂದರೆ 1876ರಿಂದ 1878ರವರೆಗಿನ ಬರ, ಆ ಸೀಮೆಯನ್ನು ಸೂರೆಗೊಂಡು ಹೋಗಿತ್ತು. ಆಗ ಕಲಾದಗಿ ಜಿಲ್ಲೆಯೆಂದು ಕರೆಯಲಾಗುತ್ತಿದ್ದ ಈ ಪ್ರದೇಶದಲ್ಲಿ 1872ರ ಖಾನೇಸುಮಾರಿಯಲ್ಲಿ ಎಂಟು ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ ಆರೂವರೆ ಲಕ್ಷದೊಳಗೆ ಇಳಿದಿತ್ತು. ಸತ್ತವರೆಷ್ಟೋ, ದೇಶಾಂತರ ಹೋದವರೆಷ್ಟೋ. ಮತ್ತೆ 1896ರಲ್ಲಿಯೂ 1899ರಲ್ಲಿಯೂ ಬರ ಬಂದಿತು. ತರುಣ ವಕೀಲರು ಬಿಜಾಪುರದಲ್ಲಿ ಕಾಲಿಟ್ಟಾಗ ಆ ಗಾಯಗಳಿನ್ನೂ ಮಾಯ್ದಿರಲಿಲ್ಲ.

ಬರವು ಮೊದಲು ಕೊಲ್ಲುವುದು ದನಗಳನ್ನು, ಬಳಿಕ ಮನೆಯನ್ನು. ಮನೆಯನ್ನು ಕೊಲ್ಲುವ ಕ್ರಮ ಹೀಗಿದ್ದಿತು. ಮೇವಿಲ್ಲದೆ ಎತ್ತು ಮಾರಿದ ಒಕ್ಕಲಿಗನು ಮರುವರ್ಷ ಮಳೆ ಬಿದ್ದಾಗ ಎತ್ತಿಲ್ಲದೆ, ಬೀಜವಿಲ್ಲದೆ ಸಾವಕಾರನ ಬಾಗಿಲಿಗೆ ಹೋಗಬೇಕು. ಹೊಲವನ್ನು ಗಹಾಣವಿಟ್ಟು ತಂದ ಹಣಕ್ಕೆ ಬಡ್ಡಿ ಏರುತ್ತದೆ. ಸುಗ್ಗಿಯ ಕಾಳು ಕಣದಿಂದಲೇ ಸಾವಕಾರನ ಹಗೇವಿಗೆ ಇಳಿಯುತ್ತದೆ. ಬಳಿಕ ದಾವೆ, ಡಿಕ್ರಿ, ಜಪ್ತಿ, ಲಿಲಾವು. ಹೊಲ ಹೋದ ಮೇಲೆ ಗಂಡಸರು ಸೊಲ್ಲಾಪುರದ ಗಿರಣಿಗೋ ಮುಂಬಯಿಗೋ ಗುಳೆ ಹೋಗುವರು, ಹಿರಿಯ ಮಗನು ಸಾಲದ ಲೆಕ್ಕದಲ್ಲಿ ಯಾರದೋ ಮನೆಯಲ್ಲಿ ಜೀತಕ್ಕೆ ನಿಲ್ಲುವನು, ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ತವರಿನ ಅಂಗಳದಲ್ಲಿ ಕೂಡ್ರುವರು. ಒಂದು ಒಲೆಯ ಮೇಲೆ ಉಣ್ಣುತ್ತಿದ್ದವರು ನಾಲ್ಕು ಊರಿನ ಪಾಲಾಗುವರು. ಸಾವಕಾರರೆಲ್ಲರೂ ಕಟುಕರೆಂದೇನೂ ಅಲ್ಲ. ಬರದಲ್ಲಿ ಹಗೇವು ತೆರೆದು ಊರನ್ನು ಉಳಿಸಿದ ಪುಣ್ಯವಂತರೂ ಅವರಲ್ಲಿದ್ದರು. ಆದರೆ ಒಬ್ಬನ ದಯೆಯ ಮೇಲೆ ಇನ್ನೊಬ್ಬನ ಸಂಸಾರ ನಿಂತಿರುವಾಗ, ಆ ದಯೆ ತಪ್ಪಿದ ದಿನ ಸಂಸಾರವೂ ತಪ್ಪುತ್ತದೆ. ಬಿಜಾಪುರದ ಕಚೇರಿಯಲ್ಲಿ ವಕೀಲಿ ಮಾಡುವವನ ಕಣ್ಣಿಗೆ ಇಂಥ ಮನೆಗಳ ಕಡೆಯ ಅಧ್ಯಾಯ ಕಾಗದಪತ್ರಗಳ ರೂಪದಲ್ಲಿ ಬೀಳದೆ ಇರುವ ಸಂಭವವೇ ಇರಲಿಲ್ಲ.

ನೇಕಾರರ ಪಾಡು ಇದಕ್ಕಿಂತ ಬೇರೆಯಾಗಿರಲಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕಣ ನಾಡಿನಲ್ಲೆಲ್ಲ ಹೆಸರಾದುವು. ಅವನ್ನು ನೇಯುವ ಕೈಗಳು ಮಾತ್ರ ನೂಲಿನ ವ್ಯಾಪಾರಿಯ ಕಡದ ಪುಸ್ತಕದೊಳಗೆ ಸಿಕ್ಕಿಕೊಂಡಿದ್ದುವು. ಮಗ್ಗವೆಂದರೆ ಒಬ್ಬನ ಕೆಲಸವಲ್ಲ. ಗಂಡನು ಕುಣಿಯಲ್ಲಿ ಕುಳಿತು ಲಾಳಿ ಓಡಿಸಬೇಕಾದರೆ ಹೆಂಡತಿ ಕಂಡಿಕೆ ಸುತ್ತಬೇಕು, ಮುದುಕರು ನೂಲು ಬಿಡಿಸಬೇಕು, ಹುಡುಗರು ಹಾಸು ಹಿಡಿಯಬೇಕು. ಮನೆಯೆಲ್ಲ ಕೂಡಿ ಮಾಡುವ ಕಾಯಕವದು. ನೂಲನ್ನು ಕಡದ ಮೇಲೆ ತಂದು, ನೇಯ್ದ ಬಟ್ಟೆಯನ್ನು ಅದೇ ವ್ಯಾಪಾರಿಗೆ ಅವನು ಹೇಳಿದ ಬೆಲೆಗೇ ಕೊಡಬೇಕಾದಾಗ ದುಡಿತವೆಲ್ಲ ಮನೆಯದು, ಗಳಿಕೆಯೆಲ್ಲ ಹೊರಗಿನದು ಎಂಬಂತಾಗುತ್ತದೆ. ಮಗ್ಗ ನಿಂತಿತೆಂದರೆ ಮನೆಯನ್ನು ಕೂಡಿಸಿದ ಹುರಿಯೇ ಕಡಿದಂತೆ. ನೇಕಾರ ಮನೆತನದಲ್ಲಿ ಹುಟ್ಟಿದವರಿಗೆ ಇದನ್ನು ಯಾವ ವರದಿಯಿಂದಲೂ ತಿಳಿಯಬೇಕಾಗಿರಲಿಲ್ಲ.

ಹಳಕಟ್ಟಿಯವರು ಬಿಜಾಪುರಕ್ಕೆ ಬಂದ 1904ರಲ್ಲಿಯೇ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾನೂನನ್ನು ಜಾರಿಗೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವನ್ನು ಕಟ್ಟಿ ನಾಡಿಗೇ ಮೇಲ್ಪಂಕ್ತಿ ಹಾಕಿಕೊಟ್ಟರು. ಒಂದು ಹಳ್ಳಿಯ ಗೌಡರು ಮಾಡಿ ತೋರಿಸಿದ್ದನ್ನು ಒಂದು ಜಿಲ್ಲೆಯ ಊರಿನಲ್ಲಿ ಮಾಡಲು ಏನಡ್ಡಿ? ಹಳಕಟ್ಟಿಯವರು ಮೊದಲು ಕೈಹಾಕಿದ್ದು ಶಿಕ್ಷಣಕ್ಕೆ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ ಅವರ ಮುಂದಾಳುತನದಲ್ಲಿ ಹುಟ್ಟಿತು. ಮುಂದೆ ಬಂಥನಾಳದ ಪೂಜ್ಯ ಸಂಗನಬಸವ ಶಿವಯೋಗಿಗಳ ತಪಸ್ಸು ಅದಕ್ಕೆ ಬಲವಾಗಿ ದೊರೆತು ಅದು ಹೆಮ್ಮರವಾದ ಕಥೆ ಎಲ್ಲರೂ ಬಲ್ಲುದೇ. ಆದರೆ ಮನೆಯಲ್ಲಿ ಹಿಟ್ಟಿಲ್ಲದ ಹುಡುಗನು ಶಾಲೆಯ ಬಾಗಿಲಿಗೆ ಬರುವುದೆಂತು? ಎರಡೇ ವರ್ಷಗಳಲ್ಲಿ, 1912ರಲ್ಲಿ, ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು.

ಈ ಹೆಸರಿನಲ್ಲಿಯೇ ಒಂದು ಅರ್ಥವುಂಟು. ಬಿಜಾಪುರದ ಆರಾಧ್ಯದೈವ ಸಿದ್ಧೇಶ್ವರನು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರೇ ಎಂಬುದು ಭಕ್ತರ ನಂಬಿಗೆ. ಮಳೆಯಿಲ್ಲದ ಸೀಮೆಯಲ್ಲಿ ಕೆರೆ ಕಟ್ಟಿಸಿ ಜನ ನಿಲ್ಲುವಂತೆ ಮಾಡಿದ ಶರಣರು ಅವರು. ಕೆರೆಯೆಂಬುದು ಬಿದ್ದ ಮಳೆಯನ್ನು ಎಲ್ಲರಿಗಾಗಿ ಹಿಡಿದಿಡುವ ಉಪಾಯ. ಸಹಕಾರಿ ಬ್ಯಾಂಕು ಮಾಡುವುದೂ ಅದನ್ನೇ, ನೀರಿನ ಬದಲು ರೂಪಾಯಿಯಿಂದ. ಹತ್ತು ಜನ ತಮ್ಮ ತಮ್ಮ ಚಿಕ್ಕ ಉಳಿತಾಯವನ್ನು ಶೇರಿನ ರೂಪದಲ್ಲಿ ಒಂದೆಡೆ ಕೂಡಿಹಾಕುವರು. ಅವರಲ್ಲಿ ಯಾರಿಗೆ ಎತ್ತು ಬೇಕೋ, ನೂಲು ಬೇಕೋ, ಅಂಗಡಿಗೆ ಸರಕು ಬೇಕೋ ಅವರಿಗೆ ಪರಿಚಿತರ ಜಾಮೀನಿನ ಮೇಲೆ ಹಿತವಾದ ಬಡ್ಡಿಯಲ್ಲಿ ಸಾಲ ದೊರೆಯುವುದು. ಬಂದ ಬಡ್ಡಿ ಹೊರಗಿನವನ ಪೆಟ್ಟಿಗೆಗೆ ಹೋಗದೆ ಮತ್ತೆ ಆ ಹಣದ ಕೆರೆಗೇ ಹರಿದು ಬರುವುದು. ಬ್ಯಾಂಕು ಹುಟ್ಟಿದ ವರ್ಷವೇ ಬಂದ 1912ರ ಹೊಸ ಕಾನೂನು ಇಂಥ ಸಂಘಗಳು ಲಾಭದ ಕಾಲುಭಾಗವನ್ನು ಮೊದಲು ಕಾಯ್ದಿಟ್ಟ ನಿಧಿಗೆ ಸೇರಿಸಿಯೇ ಮಿಕ್ಕುದನ್ನು ಹಂಚಬೇಕೆಂದು ವಿಧಿಸಿತು. ಬರುವ ಬರಗಾಲಕ್ಕೆ ಹಗೇವು ತುಂಬಿಡುವ ಹಳೆಯ ವಿವೇಕವೇ ಇದು. ಬರಿಯ ಪತ್ತಿಗಷ್ಟೇ ಅಲ್ಲದೆ ಮಾಲು ಕೊಳ್ಳುವುದಕ್ಕೂ ಮಾರುವುದಕ್ಕೂ ಸಂಘ ಕಟ್ಟಲು ಅದೇ ಕಾನೂನು ದಾರಿ ಮಾಡಿತು. ಒಕ್ಕಲುತನದ ಸಹಕಾರಿ ಸಂಘ, ಹತ್ತಿ ಮಾರಾಟದ ಸಂಘ, ನೇಕಾರರ ಸಂಘ, ಬರನಿವಾರಣೆಯ ಸಂಸ್ಥೆ, ಗ್ರಾಮಗಳ ಏಳ್ಗೆಯ ಸಂಘ, ಹೀಗೆ ಒಂದರ ಬೆನ್ನಿಗೊಂದರಂತೆ ಹಳಕಟ್ಟಿಯವರು ಕೈಗೊಂಡ ಕೆಲಸಗಳ ಹಿಂದೆ ಇದೇ ದಾರಿಯಿದ್ದಿತು. ಬಿಜಾಪುರದ ಪುರಸಭೆಯಲ್ಲಿದ್ದು ಭೂತನಾಳ ಕೆರೆಯ ಸಲುವಾಗಿ ಶ್ರಮಿಸಿದವರಲ್ಲಿಯೂ ಅವರೊಬ್ಬರು. 1920ರಲ್ಲಿ ಮುಂಬಯಿಯ ಕಾಯಿದೆ ಕೌನ್ಸಿಲಿಗೂ ಹೋದರು.

ದಾನ ಮಾಡಿದ್ದರೆ ಸಾಲದಾಗಿತ್ತೆ? ಬರದ ದಿನಗಳಲ್ಲಿ ಗಂಜಿಕೇಂದ್ರ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಜಿಕೇಂದ್ರದಿಂದ ಮನೆಗೆ ಮರಳಿದವನಿಗೆ ನಾಳೆ ಉಳಲು ಎತ್ತಿಲ್ಲದಿದ್ದರೆ ಅವನು ಮತ್ತೆ ಅದೇ ಸಾಲಿನಲ್ಲಿ ಬಂದು ನಿಲ್ಲಬೇಕು. ಈ ವಿಷಯದಲ್ಲಿ ಹಳಕಟ್ಟಿಯವರಿಗೆ ಮಾರ್ಗ ತೋರಿದ್ದು ಅವರು ಹಗಲಿರುಳು ಓದುತ್ತಿದ್ದ ಓಲೆಗರಿಗಳೇ ಎಂದು ಹೇಳಬಹುದು. ಅವರ ಸಂಶೋಧನೆಯಿಂದ ಬೆಳಕಿಗೆ ಬಂದ ಶಿವಶರಣರ ಹೆಸರುಗಳನ್ನು ಒಮ್ಮೆ ಓದಿದರೆ ಸಾಕು, ಹನ್ನೆರಡನೆಯ ಶತಮಾನದ ಕಲ್ಯಾಣದ ಓಣಿಗಳೇ ಕಣ್ಣಮುಂದೆ ನಿಲ್ಲುತ್ತವೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ದನ ಕಾಯುವ ತುರುಗಾಹಿ ರಾಮಣ್ಣ. ಅವರಿಗಿಂತ ಹಿಂದಿನ ಜೇಡರ ದಾಸಿಮಯ್ಯನು ಮಡದಿ ದುಗ್ಗಳೆಯೊಡನೆ ಮಗ್ಗದ ಮನೆಯಲ್ಲಿಯೇ ಶಿವನನ್ನು ಕಂಡವನು. ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯನ ಜೊತೆಗೆ ಮಹಾದೇವಿಯಮ್ಮನಿದ್ದಳು. ಇವರಾರೂ ಸಂಸಾರವನ್ನು ಬಿಟ್ಟೋಡಿ ಮುಕ್ತಿ ಪಡೆದವರಲ್ಲ. ಇವರ ಮನೆಯೊಳಗೇ ಕಾಯಕ, ಮನೆಯೊಳಗೇ ದಾಸೋಹ.

ಅವರಲ್ಲಿಯೂ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಚರಿತ್ರೆ ಈ ಪ್ರಸಂಗಕ್ಕೆ ಬಹು ಸಮೀಪವಾದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ಜಂಗಮ ದಾಸೋಹ ನಡೆಸುತ್ತಿದ್ದ ಈ ದಂಪತಿಗಳನ್ನು ಪರೀಕ್ಷಿಸಲು ಒಂದು ದಿನ ಅಂಗಳದಲ್ಲಿ ಹೆಚ್ಚಿಗೆ ಅಕ್ಕಿ ಚೆಲ್ಲಿಸಲಾಯಿತೆಂದೂ, ಮಾರಯ್ಯನು ನಿತ್ಯದ ಅಳತೆಯನ್ನು ಮೀರಿ ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ ಹೆಚ್ಚಿನ ಅಕ್ಕಿಯನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಕಳಿಸಿದಳೆಂದೂ ಪರಂಪರೆಯು ಹೇಳುತ್ತದೆ. ಈ ಕಥೆಯನ್ನು ನಿರಾಶೆಯ ಪಾಠವೆಂದು, ಆಸೆಯನ್ನು ತೊರೆಯುವ ಪಾಠವೆಂದು ಮಾತ್ರ ಪುರಾಣದಲ್ಲಿ ವಿವರಿಸುವುದುಂಟು. ಅದರಲ್ಲಿ ಇನ್ನೊಂದು ಮಾತೂ ಅಡಗಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಈ ಬಡ ದಂಪತಿಗಳ ಮನೆಗೆ ದಿನವೂ ಒಂದು ಚೀಲ ಅಕ್ಕಿ ಕಳಿಸುವುದು ಅವರಿಗೆ ದೊಡ್ಡದಾಗಿರಲಿಲ್ಲ. ಲಕ್ಕಮ್ಮನಿಗೆ ಬೇಕಾದದ್ದು ಚೀಲವಲ್ಲ, ಆಯುವ ಅಂಗಳ. ತನ್ನ ಮನೆಯ ಅನ್ನ ತನ್ನ ಗಂಡನ ಕೈಯ ಕಾಯಕದಿಂದಲೇ ಬರಬೇಕು, ಅಂಥ ಅನ್ನವೇ ದಾಸೋಹಕ್ಕೆ ಸಲ್ಲತಕ್ಕದ್ದು ಎಂಬುದು ಅವಳ ನಿಷ್ಠೆ. ಬಡವನಿಗೆ ಆಯುವ ಅಂಗಳವನ್ನು ಒದಗಿಸಿಕೊಡುವುದೇ ಸಹಕಾರಿ ಸಂಘದ ಕೆಲಸ. ಕೊಟ್ಟ ಹಣವನ್ನು ಅವನು ತಿರುಗಿ ತಂದು ಕಟ್ಟುವನೆಂಬ ನಂಬಿಗೆಯಲ್ಲಿ ಅವನ ಮಾನವೂ ಉಳಿಯುತ್ತದೆ. ಬೇಕಾದುದಕ್ಕಿಂತ ಹೆಚ್ಚು ಸಾಲ ಎತ್ತಿ ಮದುವೆಯ ಮೆರವಣಿಗೆಯಲ್ಲಿ ಕಳೆದು ಬರುವ ಮಾರಯ್ಯರನ್ನು ತಡೆಯಲು ಪ್ರತಿ ಮನೆಯಲ್ಲಿ ಒಬ್ಬೊಬ್ಬ ಲಕ್ಕಮ್ಮನಿದ್ದರೆ ಸಹಕಾರಿ ಸಂಘಗಳ ವಸೂಲಿ ಗುಮಾಸ್ತರಿಗೆ ಅರ್ಧ ಕೆಲಸ ತಪ್ಪೀತು!

ವಕೀಲಿಯಲ್ಲಿ ಹಳಕಟ್ಟಿಯವರಿಗೆ ಹೆಸರಿದ್ದಿತು, ಸರಕಾರಿ ವಕೀಲರ ಹುದ್ದೆಯೂ ದೊರೆತಿತ್ತು. ಅದೇ ದಾರಿಯಲ್ಲಿ ನಡೆದಿದ್ದರೆ ಅವರು ಬಿಜಾಪುರದ ಶ್ರೀಮಂತರಲ್ಲಿ ಒಬ್ಬರಾಗುತ್ತಿದ್ದರು. ಆದರೆ ವಚನಗಳ ಹುಚ್ಚು ಅವರನ್ನು ಹಿಡಿಯಿತು. 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ಆ ಹಣದಿಂದ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ ಹೊರಟುವು. ಆ 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವೂ ಅವರಿಗೆ ದೊರೆಯಿತು. ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ವಕೀಲಿ ಹಿಂದೆ ಬಿದ್ದಿತು, ಮುದ್ರಣಾಲಯದ ಖರ್ಚು ಮುಂದೆ ಬೆಳೆಯಿತು. ಊರೂರಿಗೆ ತಿರುಗಿ ಓಲೆಕಟ್ಟು ತರುವವರೂ ಅವರೇ, ನಕಲು ತೆಗೆಯುವವರೂ ಅವರೇ, ಅಚ್ಚಿನ ಕರಡು ತಿದ್ದುವವರೂ ಅವರೇ. ಹರಿದ ಕೋಟು ತೊಟ್ಟು ಸಾಯಕಲ್ಲಿನ ಮೇಲೆ ಬಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದ ಈ ರಾವಬಹಾದ್ದೂರರನ್ನು ಜನರು ಬಹುಕಾಲ ನೆನೆಯುತ್ತಿದ್ದರು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಅನ್ಯರ ಮನೆಗಳು ಸಾಲಕ್ಕೆ ಸಿಕ್ಕಿ ಮಾರಿಹೋಗದಂತೆ ಬ್ಯಾಂಕು ಕಟ್ಟಿದವರೇ ತಮ್ಮ ಮನೆಯನ್ನು ಮಾರಿದರು, ಬಾಡಿಗೆಯ ಮನೆಯಲ್ಲಿ ಮುಪ್ಪನ್ನು ಕಳೆದರು. ಇದನ್ನು ತ್ಯಾಗವೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಆ ತ್ಯಾಗದ ಭಾರವನ್ನು ಹೊತ್ತವರು ಅವರೊಬ್ಬರೇ ಅಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಅದನ್ನು ಹೊತ್ತರು. ಮನೆಯ ಬಾಗಿಲ ಕೀಲಿಕೈ ಕೊಟ್ಟು ಬಾಡಿಗೆ ಮನೆಗೆ ನಡೆದ ದಿನ ಆ ಗೃಹಿಣಿಯ ಮನಸ್ಸಿನಲ್ಲಿ ಏನಿದ್ದಿತೋ ಯಾವ ಗ್ರಂಥದಲ್ಲಿಯೂ ಬರೆದಿಲ್ಲ. ಹಳಕಟ್ಟಿಯವರ ಜಯಂತಿಗಳಲ್ಲಿ ಭಾಷಣ ಮಾಡುವವರು ಆ ಹೆಸರನ್ನು ಎತ್ತುವುದೂ ವಿರಳ. ಗೃಹಸ್ಥನಾದವನು ಲೋಕದ ಸಂಸಾರಗಳಿಗಾಗಿ ತನ್ನ ಸಂಸಾರದಿಂದ ಎಷ್ಟನ್ನು ತೆಗೆದುಕೊಳ್ಳಬಹುದೆಂಬ ಪ್ರಶ್ನೆ ಕಠಿನವಾದುದು. ಹಳಕಟ್ಟಿಯವರ ಬಾಳು ಅದನ್ನು ಬಿಡಿಸಿ ತೋರಿಸಿತೆಂದು ಹೇಳುವಂತಿಲ್ಲ. ಮನೆ ಹೋಯಿತು, ಮನೆತನ ಒಡೆಯಲಿಲ್ಲ. ಆ ಬಾಡಿಗೆ ಮನೆಯೇ ಬರಹದ ಕೋಣೆಯೂ ಪುಸ್ತಕದ ಉಗ್ರಾಣವೂ ಆಯಿತು ಎಂಬಷ್ಟನ್ನು ಹೇಳಬಹುದು.

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರದ ಗೋಳಗುಮ್ಮಟಕ್ಕೆ ಸರಿಸಾಟಿಯಾಗಿ ಹಳಕಟ್ಟಿಯವರನ್ನು ವಚನಗುಮ್ಮಟವೆಂದು ಗೌರವಿಸಿದ ಸಂಗತಿ ನಾಡಿನಲ್ಲೆಲ್ಲ ಪ್ರಚಾರದಲ್ಲಿದೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅವರಿಗಿಂತ ಮೊದಲು ವಿದ್ವಾಂಸರಿಗೆ ತಿಳಿದಿದ್ದ ವಚನಕಾರರ ಸಂಖ್ಯೆ ಐವತ್ತರ ಆಸುಪಾಸು. ಅವರ ಶ್ರಮದಿಂದ ಅದು ಇನ್ನೂರೈವತ್ತನ್ನು ಮುಟ್ಟಿತು. ಹೊಸದಾಗಿ ಕಂಡ ಹೆಸರುಗಳಲ್ಲಿ ಹೆಚ್ಚಿನವು ದುಡಿದು ಉಂಡ ಮನೆಗಳವೇ. ಬ್ಯಾಂಕಿನ ಸದಸ್ಯರ ಯಾದಿಯಲ್ಲಿಯೂ ಶರಣರ ಯಾದಿಯಲ್ಲಿಯೂ ಅದೇ ಕಸುಬುಗಳು ಕಂಡುಬಂದರೆ ಅದರಲ್ಲಿ ಸೋಜಿಗವೇನು?

1964ರ ಜೂನ್ ತಿಂಗಳಲ್ಲಿ, ಎಂಬತ್ತನಾಲ್ಕು ತುಂಬಲು ಕೆಲವೇ ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಬಿಜಾಪುರಕ್ಕೆ 2014ರಿಂದ ವಿಜಯಪುರವೆಂದು ಹೆಸರಾಗಿದೆ. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ, ಇಂಜಿನಿಯರಿಂಗ್ ಕಾಲೇಜೂ ಇದೆ. ಸಿದ್ಧೇಶ್ವರನ ಹೆಸರಿನ ಬ್ಯಾಂಕು ಸ್ಥಾಪನೆಯಾಗಿ 2012ಕ್ಕೆ ನೂರು ವರ್ಷ ತುಂಬಿತು. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ಕೂಡಿದಾಗ ಡೋಣಿ ಸಾಲಿನ ಹಳ್ಳಿಗಳಿಂದ ಒಕ್ಕಲಿಗರು ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ, ಹೆಂಡಿರು ಮಕ್ಕಳು ಗಾಡಿಯಲ್ಲಿ ಕುಳಿತಿರುತ್ತಾರೆ.